ಜೋರು ಮಾಡಲಾಗದ ವಾದ್ಯದ ಮುಂದೆ ಅರವತ್ತು ವರ್ಷ

ಕಳೆದ ವರ್ಷ ಒಂದು ಅಂತರ ಕಾಲೇಜು ಭಾಷಣ ಸ್ಪರ್ಧೆಗೆ ಹೋಗಿದ್ದೆ. ಹದಿನೈದು ದಿನ ಕುಳಿತು ಬರೆದ ಭಾಷಣ ಅದು. ಕನ್ನಡಿಯ ಮುಂದೆ ನಿಂತು ಎಷ್ಟು ಸಲ ಹೇಳಿಕೊಂಡಿದ್ದೆನೋ ಲೆಕ್ಕವಿಲ್ಲ. ಎಲ್ಲ ಮುಗಿದ ಮೇಲೆ ತೀರ್ಪುಗಾರರೊಬ್ಬರು ಹತ್ತಿರ ಕರೆದು, "ವಿಷಯ ಚೆನ್ನಾಗಿತ್ತು. ಆದರೆ ನಿನ್ನ ದನಿ ವೇದಿಕೆಗೆ ಸಾಲದು" ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ್ದರು. ನನ್ನ ದನಿ ಮೊದಲಿನಿಂದಲೂ ಸಣ್ಣದು. ಅಡುಗೆಮನೆಯಲ್ಲಿರುವ ಉಮ್ಮನಿಗೂ ಎರಡು ಸಲ ಕರೆದರೇ ಕೇಳುವುದು. ಅಂದು ಬಸ್ಸಿನಲ್ಲಿ ಮನೆಗೆ ಬರುವಾಗ, ಇನ್ನು ವೇದಿಕೆ ಹತ್ತುವುದೇ ಬೇಡ ಎಂದು ತೀರ್ಮಾನ ಮಾಡಿಬಿಟ್ಟೆ.

ಇದಾಗಿ ಕೆಲವು ವಾರಗಳಿಗೆ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸೋನೋಮೀಟರ್ ಪ್ರಯೋಗ ಬಂತು. ಪ್ರಥಮ ಪಿಯುಸಿ ವಿಜ್ಞಾನದವರಿಗೆಲ್ಲ ಗೊತ್ತಿರುವ ಪೆಟ್ಟಿಗೆ ಅದು. ಪೊಳ್ಳಾದ ಮರದ ಪೆಟ್ಟಿಗೆ, ಅದರ ಮೇಲೆ ಬಿಗಿದ ಒಂದು ತಂತಿ, ತುದಿಯಲ್ಲಿ ನೇತಾಡುವ ತೂಕ. ತಂತಿಯನ್ನು ಸ್ವಲ್ಪ ಎಳೆದು ಬಿಟ್ಟರೆ ಮೆಲ್ಲನೆಯ ಸದ್ದು, ಹೆಚ್ಚು ಎಳೆದು ಬಿಟ್ಟರೆ ಜೋರು ಸದ್ದು. ಎರಡರಲ್ಲೂ ಆವೃತ್ತಿ ಒಂದೇ. ಬದಲಾಗುವುದು ಪಾರ, ಅಂದರೆ ನಾವು ರೆಕಾರ್ಡ್ ಪುಸ್ತಕದಲ್ಲಿ ಆಂಪ್ಲಿಟ್ಯೂಡ್ ಎಂದು ಬರೆಯುವುದು. ಇದನ್ನು ವಿವರಿಸಿದ ಮೇಲೆ ನಮ್ಮ ಸರ್ ಒಂದು ಮಾತು ಸೇರಿಸಿದರು: "ಎಷ್ಟೇ ಬಲ ಹಾಕಿ ಒತ್ತಿದರೂ ಒಂದೇ ಸಮನಾದ ಸದ್ದು ಕೊಡುವ ತಂತಿವಾದ್ಯವೊಂದಿದೆ. ಅದರ ಮುಂದೆ ಕುಳಿತು ಒಬ್ಬರು ಅರವತ್ತು ವರ್ಷ ಕಛೇರಿ ಕೊಟ್ಟರು. ಹೆಸರು ಗುಸ್ತಾವ್ ಲಿಯೊನ್‌ಹಾರ್ಟ್. ಬಿಡುವಾದಾಗ ಹುಡುಕಿ ಕೇಳಿ."

ತರಗತಿಯಲ್ಲಿ ಬೇರೆ ಯಾರು ಹುಡುಕಿದರೋ ಗೊತ್ತಿಲ್ಲ. ನಾನು ಹುಡುಕಿದೆ. ಜೋರು ಮಾಡಲಾಗದ ದನಿಯಲ್ಲಿ ಸಭೆಯನ್ನು ಹಿಡಿದು ಕೂರಿಸುವುದು ಹೇಗೆ ಎಂಬುದು ನನಗೂ ಬೇಕಾಗಿದ್ದ ಪ್ರಶ್ನೆಯಾಗಿತ್ತು.

ವಾದ್ಯ ಯಾವುದು?

ಆ ವಾದ್ಯದ ಹೆಸರು ಹಾರ್ಪ್ಸಿಕಾರ್ಡ್. ನೋಡಲು ಪಿಯಾನೊದ ಹಾಗೆಯೇ ಇರುತ್ತದೆ. ಒಳಗಿನ ಕೆಲಸ ಮಾತ್ರ ಬೇರೆ. ಪಿಯಾನೊದಲ್ಲಿ ಮನೆಯನ್ನು ಒತ್ತಿದರೆ ಒಳಗೆ ಒಂದು ಪುಟ್ಟ ಸುತ್ತಿಗೆ ಹೋಗಿ ತಂತಿಗೆ ಬಡಿಯುತ್ತದೆ. ಬೆರಳಿನ ವೇಗ ಹೆಚ್ಚಿದಷ್ಟೂ ಸುತ್ತಿಗೆಯ ಪೆಟ್ಟು ಹೆಚ್ಚು, ಸದ್ದೂ ಹೆಚ್ಚು. ಹಾರ್ಪ್ಸಿಕಾರ್ಡಿನಲ್ಲಿ ಸುತ್ತಿಗೆ ಇಲ್ಲ. ಮನೆಯ ಹಿಂತುದಿಯ ಮೇಲೆ ಮರದ ಒಂದು ತೆಳು ಪಟ್ಟಿ ನಿಂತಿರುತ್ತದೆ. ಅದರ ಪಕ್ಕದಲ್ಲಿ ಹಕ್ಕಿಯ ಗರಿಯ ದಂಟಿನಿಂದ ಮಾಡಿದ ಚಿಕ್ಕ ಮೊನೆ. ಮನೆ ಒತ್ತಿದಾಗ ಪಟ್ಟಿ ಮೇಲೇಳುತ್ತದೆ, ಮೊನೆ ತಂತಿಯನ್ನು ಮೇಲಕ್ಕೆತ್ತಿ ಮೀಟಿ ಜಾರುತ್ತದೆ.

ಇಲ್ಲಿ ನಮ್ಮ ಸೋನೋಮೀಟರನ್ನು ನೆನೆಯಿರಿ. ಸದ್ದಿನ ಪ್ರಮಾಣವನ್ನು ನಿರ್ಧರಿಸುವುದು, ಬಿಡುವ ಮೊದಲು ತಂತಿ ಎಷ್ಟು ದೂರ ಸರಿದಿತ್ತು ಎಂಬುದು. ಹಾರ್ಪ್ಸಿಕಾರ್ಡಿನ ಮೊನೆ ಎಷ್ಟು ಗಡುಸಾಗಿದೆಯೋ ಅಷ್ಟು ದೂರ ತಂತಿಯನ್ನು ಎಳೆಯುತ್ತದೆ, ಆಮೇಲೆ ತಾನೇ ಬಾಗಿ ಜಾರಿಬಿಡುತ್ತದೆ. ಬೆರಳು ಮೆಲ್ಲಗೆ ಒತ್ತಲಿ, ಗುದ್ದಲಿ, ಎಳೆತ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಸದ್ದೂ ಅಷ್ಟೇ. ವಾದಕನ ಸಿಟ್ಟು, ಸಂತೋಷ, ದುಃಖ ಯಾವುದಕ್ಕೂ ಈ ವಾದ್ಯ ತನ್ನ ದನಿಯನ್ನು ಏರಿಸುವುದಿಲ್ಲ, ಇಳಿಸುವುದಿಲ್ಲ.

ಯುರೋಪಿನಲ್ಲಿ ಸುಮಾರು 1600ರಿಂದ 1750ರವರೆಗಿನ ಸಂಗೀತಕ್ಕೆ ಬರೋಕ್ ಸಂಗೀತ ಎನ್ನುತ್ತಾರೆ. ಆ ಕಾಲದ ಮನೆಗಳಲ್ಲಿ, ಅರಮನೆಗಳಲ್ಲಿ ಈ ವಾದ್ಯ ಮೆರೆಯಿತು. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬವರು ಸುತ್ತಿಗೆಯ ವಾದ್ಯವನ್ನು ಕಟ್ಟಿದರು. ಅದೇ ಪಿಯಾನೊ. ಆ ಶತಮಾನ ಮುಗಿಯುವ ಹೊತ್ತಿಗೆ ಪಿಯಾನೊ ಗೆದ್ದಿತ್ತು. ಹಾರ್ಪ್ಸಿಕಾರ್ಡ್ ಮೂಲೆ ಸೇರಿತು.

ಯುದ್ಧಕಾಲದ ಮನೆ

ಲಿಯೊನ್‌ಹಾರ್ಟ್ ಹುಟ್ಟಿದ್ದು 1928ರ ಮೇ 30ರಂದು, ನೆದರ್ಲೆಂಡ್ಸ್ ದೇಶದಲ್ಲಿ. ತಂದೆ ವ್ಯಾಪಾರಸ್ಥರು. ಮನೆಯವರೆಲ್ಲ ಸೇರಿ ಸಂಗೀತ ನುಡಿಸುವ ರೂಢಿ ಇತ್ತು. ಹಳೆಯ ಸಂಗೀತಕ್ಕೆ ಬೇಕೆಂದು ತಂದೆತಾಯಿ ಒಂದು ಹಾರ್ಪ್ಸಿಕಾರ್ಡನ್ನೂ ತರಿಸಿದ್ದರು.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಆ ದೇಶವನ್ನು ಆಕ್ರಮಿಸಿಕೊಂಡಿತು. ಯುದ್ಧದ ಕೊನೆಯ ಚಳಿಗಾಲ, ಅಂದರೆ 1944–45, ಅಲ್ಲಿನವರಿಗೆ ಇಂದಿಗೂ ಹಸಿವಿನ ಚಳಿಗಾಲವೆಂದೇ ನೆನಪು. ಊಟವಿಲ್ಲ, ಉರುವಲಿಲ್ಲ. ಗಂಡಸರನ್ನೂ ಹುಡುಗರನ್ನೂ ಹಿಡಿದು ಜರ್ಮನಿಯ ಕೂಲಿ ಕೆಲಸಕ್ಕೆ ಸಾಗಿಸುತ್ತಿದ್ದರು. ಆಗ ಲಿಯೊನ್‌ಹಾರ್ಟ್‌ಗೆ ಹದಿನಾರು ವರ್ಷ, ನಮ್ಮದೇ ವಯಸ್ಸು. ಶಾಲೆ ನಿಂತಿತ್ತು. ಹೊರಗೆ ಕಾಣಿಸಿಕೊಳ್ಳುವ ಹಾಗಿರಲಿಲ್ಲ. ಮನೆಯೊಳಗೆ ಅಡಗಿ ಕುಳಿತ ಹುಡುಗನಿಗೆ ಜೊತೆಯಾದದ್ದು ಆ ಹಾರ್ಪ್ಸಿಕಾರ್ಡ್. ಅದರ ತಂತಿಗಳನ್ನು ತಾನೇ ಶ್ರುತಿ ಮಾಡುತ್ತ, ನುಡಿಸುತ್ತ ದಿನ ಕಳೆದನು. ಜೋರು ಮಾಡಲಾಗದ ವಾದ್ಯ ಅಡಗಿ ಕುಳಿತವನಿಗೆ ಒದಗಿಬಂತು ಎಂದು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಯುದ್ಧ ಮುಗಿದ ಮೇಲೆ, 1947ರಿಂದ 1950ರವರೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಎಡುವರ್ಡ್ ಮ್ಯುಲರ್ ಅವರ ಬಳಿ ಆರ್ಗನ್ ಮತ್ತು ಹಾರ್ಪ್ಸಿಕಾರ್ಡ್ ಕಲಿತರು. ಬಳಿಕ ವಾದ್ಯಮೇಳವನ್ನು ನಡೆಸುವ ವಿದ್ಯೆ ಕಲಿಯಲೆಂದು ಆಸ್ಟ್ರಿಯಾದ ವಿಯೆನ್ನಾಕ್ಕೆ ಹೋದರು. ಅಲ್ಲಿ ಅವರ ದಿನದ ಬಹುಪಾಲು ಕಳೆದದ್ದು ಗ್ರಂಥಾಲಯದಲ್ಲಿ. ಹಳೆಯ ಹಸ್ತಪ್ರತಿಗಳನ್ನೂ, ಹದಿನೇಳು ಹದಿನೆಂಟನೇ ಶತಮಾನದ ಸಂಗೀತ ಗ್ರಂಥಗಳನ್ನೂ ಕೈಯಾರೆ ನಕಲು ಮಾಡಿಕೊಳ್ಳುತ್ತಿದ್ದರು. ಜೆರಾಕ್ಸ್ ಅಂಗಡಿ ಇಲ್ಲದ ಕಾಲ ಅದು.

ಮೊದಲ ಕಛೇರಿ

1950ರಲ್ಲಿ ವಿಯೆನ್ನಾದಲ್ಲಿ ಅವರು ಹಾರ್ಪ್ಸಿಕಾರ್ಡ್ ವಾದಕರಾಗಿ ಮೊದಲ ಸಲ ವೇದಿಕೆ ಏರಿದರು. ಹೊಸಬರು ಸಾಮಾನ್ಯವಾಗಿ ಜನ ಮೆಚ್ಚುವ ಸುಲಭದ ಕೃತಿಗಳನ್ನು ಆರಿಸುತ್ತಾರೆ. ಇವರು ಆರಿಸಿದ್ದು ಬಾಖ್ ಅವರ 'ಆರ್ಟ್ ಆಫ್ ಫ್ಯೂಗ್'. ಫ್ಯೂಗ್ ಎಂದರೆ ಒಂದು ಎಳೆ ರಾಗವನ್ನು ಎತ್ತಿಕೊಂಡರೆ ಎರಡನೆಯದು ಅದನ್ನೇ ಹಿಡಿದು ಹಿಂದೆ ಬರುವುದು, ಆಮೇಲೆ ಮೂರನೆಯದು, ನಾಲ್ಕನೆಯದು. ನಾಲ್ಕು ಎಳೆಗಳೂ ಹೆಣೆದುಕೊಂಡು ಸಾಗಬೇಕು, ಒಂದೂ ಮುಳುಗಬಾರದು. ಯೊಹಾನ್ ಸೆಬಾಸ್ಟಿಯನ್ ಬಾಖ್ (1685–1750) ಇದನ್ನು ಯಾವ ವಾದ್ಯಕ್ಕೆ ಬರೆದೆ ಎಂದು ಹಸ್ತಪ್ರತಿಯಲ್ಲಿ ಹೇಳಿರಲಿಲ್ಲ. ಹೀಗಾಗಿ ಇದು ನುಡಿಸಲಿಕ್ಕಲ್ಲ, ಓದಿ ತಿಳಿಯಲಿಕ್ಕೆ ಎಂದು ನಂಬಿದವರಿದ್ದರು. ಇಡೀ ಕೃತಿಯನ್ನು ಎರಡು ಕೈಗಳಿಂದ ಮನೆಗಳ ಮೇಲೆ ನುಡಿಸಬಹುದು, ಇದು ಹಾರ್ಪ್ಸಿಕಾರ್ಡಿನದೇ ಎಂಬುದು ಲಿಯೊನ್‌ಹಾರ್ಟ್ ಅವರ ವಾದ. 1952ರಲ್ಲಿ ಅದನ್ನು ಪುಸ್ತಕವಾಗಿಯೂ ಪ್ರಕಟಿಸಿದರು. ಮೊದಲು ನುಡಿಸಿ ತೋರಿಸಿದರು, ಆಮೇಲೆ ಬರೆದು ವಾದಿಸಿದರು.

ಅದೇ 1952ರಲ್ಲಿ ವಿಯೆನ್ನಾದಲ್ಲಿ ಪ್ರಾಧ್ಯಾಪಕರಾದರು. 1954ರಿಂದ ಆಂಸ್ಟರ್‌ಡ್ಯಾಮಿನ ಸಂಗೀತ ವಿದ್ಯಾಲಯದಲ್ಲಿ ಪಾಠ ಶುರುಮಾಡಿದರು. ಊರಿನ ಹಳೆಯ ಚರ್ಚುಗಳಲ್ಲಿ ಆರ್ಗನ್ ವಾದಕರಾಗಿಯೂ ದುಡಿದರು.

ಮಾತ್ರೆಯ ಗುಟ್ಟು

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ದನಿ ಏರಿಸಲಾಗದ ವಾದ್ಯದಲ್ಲಿ ಭಾವ ಎಲ್ಲಿಂದ ಬರಬೇಕು?

ಉತ್ತರ ನಮ್ಮ ಕನ್ನಡ ಪಾಠದಲ್ಲೇ ಇದೆ ಅನ್ನಿಸಿತು. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ಅಕ್ಷರವನ್ನು ಎಷ್ಟು ಜೋರಾಗಿ ಹೇಳಬೇಕೆಂದು ಛಂದಸ್ಸು ಕೇಳುವುದೇ ಇಲ್ಲ, ಎಷ್ಟು ಹೊತ್ತು ಹೇಳಬೇಕೆಂದು ಕೇಳುತ್ತದೆ. ಲಿಯೊನ್‌ಹಾರ್ಟ್ ಹಿಡಿದ ದಾರಿಯೂ ಕಾಲದ್ದೇ. ಮುಖ್ಯವಾದ ಸ್ವರ ಬರುವ ಮುಂಚೆ ಕೂದಲೆಳೆಯಷ್ಟು ಮೌನ ಬಿಡುತ್ತಾರೆ. ಮೌನದ ನಂತರ ಬಂದ ಸ್ವರ, ಅಷ್ಟೇ ಸದ್ದಿನದಾದರೂ, ಕಿವಿಗೆ ತೂಕವಾಗಿ ಕೇಳುತ್ತದೆ. ಎಡಗೈಯ ಸ್ವರ ಮೊದಲು ಇಳಿದು ಬಲಗೈಯದು ಅರೆಕ್ಷಣ ತಡವಾಗಿ ಬರುತ್ತದೆ. ಒಟ್ಟಿಗೆ ಬರಬೇಕಾದ ಮೂರು ನಾಲ್ಕು ಸ್ವರಗಳನ್ನು ಒಂದರ ಹಿಂದೆ ಒಂದರಂತೆ ಬಿಡಿಸಿ ಹರಡುತ್ತಾರೆ. ಕೆಲವು ಕಡೆ ಬೆರಳನ್ನು ಬೇಗ ಎತ್ತದೆ ಹಿಂದಿನ ಸ್ವರದ ಮೇಲೆ ಮುಂದಿನದು ಹಾಸಿಕೊಳ್ಳುವಂತೆ ಮಾಡುತ್ತಾರೆ. ಆಗ ಸದ್ದು ತುಂಬಿಕೊಂಡಂತೆ ಆಗುತ್ತದೆ.

ಒಂದು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಅವರ ಒಂದೇ ತುಣುಕನ್ನು ಐದಾರು ಸಲ ಕೇಳಿದೆ. ಮೊದಲ ಸಲ ಎಲ್ಲವೂ ಒಂದೇ ಸಮ, ಬೇಸರ. ಮೂರನೆಯ ಸಲಕ್ಕೆ ಏರಿಳಿತ ಕೇಳತೊಡಗಿತು. ಇಲ್ಲದ ಏರಿಳಿತ ನನ್ನ ಕಿವಿಗೆ ಕೇಳುತ್ತಿತ್ತು.

ವಾದ್ಯವನ್ನೂ ಅವರು ಹಾಗೆಯೇ ಆರಿಸಿದರು. 20ನೇ ಶತಮಾನದ ಆರಂಭದಲ್ಲಿ ಹಾರ್ಪ್ಸಿಕಾರ್ಡ್ ಮತ್ತೆ ಬಳಕೆಗೆ ಬಂದಾಗ ತಯಾರಕರು ಅದನ್ನು ಪಿಯಾನೊದಂತೆ ಬಲಪಡಿಸಲು ಹೋಗಿ ಕಬ್ಬಿಣದ ಚೌಕಟ್ಟು, ಕಾಲಲ್ಲಿ ಒತ್ತುವ ಪೆಡಲುಗಳನ್ನು ಸೇರಿಸಿದ್ದರು. ಲಿಯೊನ್‌ಹಾರ್ಟ್ ಹಳೆಯ ಮರದ ವಾದ್ಯಗಳ ಕಡೆ ತಿರುಗಿದರು. ಜರ್ಮನಿಯ ಮಾರ್ಟಿನ್ ಸ್ಕೊವ್ರೊನೆಕ್ 1745ರ ಒಂದು ವಾದ್ಯವನ್ನು ಮಾದರಿಯಾಗಿಟ್ಟುಕೊಂಡು 1962ರಲ್ಲಿ ಅವರಿಗಾಗಿ ಹಾರ್ಪ್ಸಿಕಾರ್ಡ್ ಕಟ್ಟಿಕೊಟ್ಟರು. ಶ್ರುತಿಯಲ್ಲೂ ವ್ಯತ್ಯಾಸವಿದೆ. ಇಂದು 'ಎ' ಸ್ವರಕ್ಕೆ 440 ಹರ್ಟ್ಜ್ ರೂಢಿ. ಬರೋಕ್ ಮೇಳಗಳು ಸಾಮಾನ್ಯವಾಗಿ 415 ಹರ್ಟ್ಜ್ ಇಟ್ಟುಕೊಳ್ಳುತ್ತವೆ. ತಂತಿ ಅದೇ, ಉದ್ದ ಅದೇ ಎಂದಾದರೆ ಆವೃತ್ತಿಯು ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ, ಬಿಗಿತ ಸುಮಾರು ಶೇ. 11ರಷ್ಟು ಕಡಿಮೆ ಸಾಕು. ಲೆಕ್ಕ ಮಾಡಿ ನೋಡಿ, ಪ್ರಾಕ್ಟಿಕಲ್ ವೈವಾಗೂ ಆಗುತ್ತದೆ.

ಮೇಳ ನಡೆಸಿದ ಕೈ

1955ರಲ್ಲಿ ಅವರು 'ಲಿಯೊನ್‌ಹಾರ್ಟ್ ಕಾನ್ಸೋರ್ಟ್' ಎಂಬ ಚಿಕ್ಕ ಮೇಳ ಕಟ್ಟಿದರು. ಪತ್ನಿ ಮರೀ ಅದರಲ್ಲಿ ವಯಲಿನ್ ವಾದಕಿ. ಬಹಳ ಸಲ ಲಿಯೊನ್‌ಹಾರ್ಟ್ ಹಾರ್ಪ್ಸಿಕಾರ್ಡಿನ ಮುಂದೆ ಕುಳಿತಲ್ಲಿಂದಲೇ ಮೇಳ ನಡೆಸುತ್ತಿದ್ದರು. ನಿಂತು ನಡೆಸಿದಾಗಲೂ ಕೈ ಬೀಸಾಟ, ತಲೆ ಕುಣಿಸುವುದು ಇರಲಿಲ್ಲ. ನೆಟ್ಟಗೆ ಕುಳಿತ, ಮುಖದಲ್ಲಿ ಏನನ್ನೂ ತೋರಗೊಡದ ಮನುಷ್ಯ. ಅವರ ವಾದನ ಒಣಕಲು ಎಂದವರೂ ಇದ್ದರು. ಅದಕ್ಕಾಗಿ ಅವರು ತಮ್ಮ ರೀತಿಯನ್ನು ಬದಲಿಸಲಿಲ್ಲ.

1968ರಲ್ಲಿ ಬಂದ 'ಅನ್ನಾ ಮಗ್ದಲೇನಾ ಬಾಖ್ ಕಥನ' ಎಂಬ ಜರ್ಮನ್ ಚಲನಚಿತ್ರದಲ್ಲಿ ಬಾಖ್ ಪಾತ್ರ ಮಾಡಿದ್ದು ಇವರೇ. ವಿಗ್ ಧರಿಸಿ, ಕ್ಯಾಮೆರಾದ ಮುಂದೆ ನಿಜವಾಗಿಯೂ ನುಡಿಸಿದರು.

1971ರಲ್ಲಿ ಅವರ ಬದುಕಿನ ದೊಡ್ಡ ಕೆಲಸ ಶುರುವಾಯಿತು. ಬಾಖ್ ಚರ್ಚಿನ ಆರಾಧನೆಗಾಗಿ ಬರೆದ ಕಂಟಾಟಾ ಎಂಬ ಗಾಯನ ಕೃತಿಗಳು ಸುಮಾರು 200 ಉಳಿದಿವೆ. ವಿಯೆನ್ನಾದ ಗೆಳೆಯ ನಿಕೊಲಾಸ್ ಹಾರ್ನಾನ್‌ಕೂರ್ ಜೊತೆ ಕೆಲಸ ಹಂಚಿಕೊಂಡು, ಹಳೆಯ ಬಗೆಯ ವಾದ್ಯಗಳಲ್ಲಿ ಅವೆಲ್ಲವನ್ನೂ ಧ್ವನಿಮುದ್ರಿಸಲು ಹೊರಟರು. ಬಾಖ್ ಕಾಲದಲ್ಲಿದ್ದಂತೆ ಮೇಲಿನ ಸ್ಥಾಯಿಯನ್ನು ಬಾಲಕರಿಂದ ಹಾಡಿಸಿದರು. ಮುಗಿಯಲು ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಿಡಿಯಿತು. ನಡುವೆ 1980ರಲ್ಲಿ ಇಬ್ಬರಿಗೂ ಒಟ್ಟಿಗೆ ನೆದರ್ಲೆಂಡ್ಸ್‌ನ ಎರಾಸ್ಮಸ್ ಪ್ರಶಸ್ತಿ ಬಂತು.

ದೇಶದೇಶಗಳಿಂದ ವಿದ್ಯಾರ್ಥಿಗಳು ಆಂಸ್ಟರ್‌ಡ್ಯಾಮಿಗೆ ಹೋಗಿ ಅವರ ಬಳಿ ಕಲಿತರು. ಅವರಲ್ಲಿ ಟಾನ್ ಕೂಪ್‌ಮನ್ ಒಬ್ಬರು. ಕೂಪ್‌ಮನ್ ಬಳಿ ಕಲಿತ ಜಪಾನಿನ ಮಸಾಕಿ ಸುಜುಕಿ 1990ರಲ್ಲಿ 'ಬಾಖ್ ಕಾಲೇಜಿಯಂ ಜಪಾನ್' ಮೇಳ ಕಟ್ಟಿ ಅದೇ ಕಂಟಾಟಾಗಳನ್ನು ಮತ್ತೆ ಧ್ವನಿಮುದ್ರಿಸಿದರು. ಗ್ರಂಥಾಲಯದಲ್ಲಿ ಕುಳಿತು ನಕಲು ಮಾಡಿಕೊಂಡವರೊಬ್ಬರ ಪಾಠ ಹೀಗೆ ಏಷ್ಯಾದ ತುದಿಯವರೆಗೆ ಹೋಯಿತು.

ಕೊನೆಯ ಕಛೇರಿ

2011ರ ಡಿಸೆಂಬರ್ 12ರಂದು ಪ್ಯಾರಿಸ್ಸಿನ ಬೂಫ್ ದು ನೋರ್ ರಂಗಮಂದಿರದಲ್ಲಿ ಲಿಯೊನ್‌ಹಾರ್ಟ್ ಕೊನೆಯ ಸಲ ಸಾರ್ವಜನಿಕವಾಗಿ ನುಡಿಸಿದರು. ಆಗ 83 ವರ್ಷ, ಮೈಯಲ್ಲಿ ಕಾಯಿಲೆ. ಅದಾದ ಮೇಲೆ ಮುಂದಿನ ಕಛೇರಿಗಳನ್ನೆಲ್ಲ ರದ್ದುಮಾಡಿ ನಿವೃತ್ತಿ ಹೇಳಿದರು. ಸರಿಯಾಗಿ ಐದು ವಾರಕ್ಕೆ, 2012ರ ಜನವರಿ 16ರಂದು, ಆಂಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡರು.

ಈ ವರ್ಷ ನಾನು ಮತ್ತೆ ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟೆ. ದನಿ ಏರಿಸುವ ಅಭ್ಯಾಸ ಮಾಡಲಿಲ್ಲ. ಬರೆದ ಹಾಳೆಯ ಮೇಲೆ ಪೆನ್ಸಿಲಿನಿಂದ ಎಲ್ಲಿ ನಿಲ್ಲಬೇಕು, ಯಾವ ಪದದ ಮುಂದೆ ಉಸಿರು ಬಿಡಬೇಕು ಎಂದು ಗುರುತು ಹಾಕಿಕೊಂಡೆ. ಒಂದು ಕಡೆ ಎಷ್ಟು ಹೊತ್ತು ನಿಂತೆನೆಂದರೆ, ಮರೆತುಹೋಯಿತೇನೋ ಎಂದು ಮುಂದಿನ ಸಾಲಿನವರು ತಲೆ ಎತ್ತಿ ನೋಡಿದರು. ತಲೆ ಎತ್ತಿದರಲ್ಲ, ಅಷ್ಟು ಸಾಕಾಗಿತ್ತು.

ಬಹುಮಾನ ಬರಲಿಲ್ಲ. ಆದರೆ ಊಟದ ಬಿಡುವಿನಲ್ಲಿ ಕೊನೆಯ ಸಾಲಿನಲ್ಲಿ ಕುಳಿತಿದ್ದ ಒಬ್ಬಳು ಬಂದು, ನಾನು ಹೇಳಿದ ಮೂರನೆಯ ಅಂಶ ತನಗೆ ಒಪ್ಪಿಗೆಯಿಲ್ಲ ಎಂದು ವಾದಕ್ಕೆ ನಿಂತಳು. ಊಟ ತಣ್ಣಗಾಗುವವರೆಗೂ ವಾದಿಸಿದೆವು. ಕೊನೆಯ ಸಾಲಿಗೂ ಕೇಳಿಸಿತ್ತು.