ಕೌದಿಯ ಚಿತ್ತಾರ ಯಾರ ಸ್ವತ್ತು?

ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಕೈಯಲ್ಲೇ ಹೊಲಿದ ಹೊದಿಕೆ ಕೌದಿ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿನ ಸಿದ್ದಿ ಮಹಿಳೆಯರು ಇದನ್ನು ಅಂಚಿನಿಂದ ಆರಂಭಿಸಿ ನಡುವಿನತ್ತ ಹೊಲಿಯುತ್ತ ಬರುತ್ತಾರೆ. ಮೂಲೆಗಳಿಗೆ ‘ಫೂಲ್’ ಎಂಬ ಮಡಿಕೆಯ ತ್ರಿಕೋನಗಳನ್ನು ಇಟ್ಟಾಗಲೇ ಕೌದಿ ಪೂರ್ಣ.

ಈ ಚಿತ್ತಾರವನ್ನು ಕಂಪನಿಯೊಂದು ಬಟ್ಟೆಯ ಮೇಲೆ ಅಚ್ಚೊತ್ತಿ ಮಾರಿದರೆ ತಡೆಯಬಹುದೇ? ಕಷ್ಟ. 1957ರ ಕೃತಿಸ್ವಾಮ್ಯ ಕಾಯ್ದೆ ಮೊದಲು ಕೇಳುವುದು ಕರ್ತೃ ಯಾರೆಂದು. ರಕ್ಷಣೆ ಇರುವುದು ಕರ್ತೃವಿನ ಜೀವಿತಾವಧಿ ಹಾಗೂ ಆ ಬಳಿಕ 60 ವರ್ಷ. ತಲೆಮಾರುಗಳಿಂದ ಬಂದ ‘ಫೂಲ್’ಗೆ ಹೆಸರಿಸಬಲ್ಲ ಕರ್ತೃವಿಲ್ಲ, ಅದು ಸಾರ್ವಜನಿಕ ಸ್ವತ್ತು. 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿಯಾಗುವುದು ಹೊಸ ವಿನ್ಯಾಸ ಮಾತ್ರ. ಹಾಗಾಗಿ ಕಂಪನಿಯೂ ಹಳೆಯ ಚಿತ್ತಾರವನ್ನು ತನ್ನದೆನ್ನುವಂತಿಲ್ಲ ಎಂಬುದಷ್ಟೇ ಸಮಾಧಾನ.

ಒಬ್ಬಾಕೆ ತಾನೇ ಬಣ್ಣ ಆಯ್ದು ಜೋಡಿಸಿದ ಹೊಸ ರಚನೆಯ ಮಾತು ಬೇರೆ; ಅದು ಆಕೆಯ ಕೃತಿ ಎನಿಸಬಲ್ಲದು. ಆದರೆ ವಿನ್ಯಾಸವನ್ನು ನೋಂದಾಯಿಸದೆ, ಆಕೆಯ ಒಪ್ಪಿಗೆಯಿಂದಲೇ ಕಾರ್ಖಾನೆ 50ಕ್ಕಿಂತ ಹೆಚ್ಚು ಪ್ರತಿ ತೆಗೆದರೆ ಆ ಕೃತಿಸ್ವಾಮ್ಯ ಮುಗಿಯುತ್ತದೆ. ಸಹಿ ಹಾಕುವ ಮುನ್ನ ತಿಳಿದಿರಬೇಕಾದ ಸಂಗತಿಯಿದು.

ಇನ್ನೊಂದು ದಾರಿ 1999ರ ಕಾಯ್ದೆಯ ಭೌಗೋಳಿಕ ಸೂಚಿ. ಕಸೂತಿಗೆ, ಇಳಕಲ್ಲ ಸೀರೆಗೆ ಅದು ದೊರೆತಿದೆ. ಅದು ಕಾಯುವುದು ಹೆಸರನ್ನು, ಚಿತ್ತಾರವನ್ನಲ್ಲ. ಆದರೂ ಹೆಸರು ಉಳಿದರೆ ಹೊಲಿದ ಕೈಗೆ ಬೆಲೆ ಸಿಕ್ಕೀತು.