ಬೀಗವಿಲ್ಲದ ಪೈಥಾನ್

ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಓದಿ ನಡೆಯಿಸುವ ರನ್‌ಟೈಮ್ ಎಂಬ ವ್ಯವಸ್ಥೆಯು ತಾನು ಸೃಷ್ಟಿಸಿದ ಪ್ರತಿಯೊಂದು ವಸ್ತುವಿನೊಡನೆಯೂ, ಅದಕ್ಕೆ ಎಷ್ಟು ಕಡೆಗಳಿಂದ ಉಲ್ಲೇಖವಿದೆಯೆಂಬ ಒಂದು ಎಣಿಕೆಯನ್ನು ಇಟ್ಟುಕೊಂಡಿರುತ್ತದೆ. ಎಣಿಕೆ ಸೊನ್ನೆಗಿಳಿದೊಡನೆ ಆ ವಸ್ತು ಆಕ್ರಮಿಸಿದ್ದ ಮೆಮೊರಿ ತೆರವಾಗುತ್ತದೆ. ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಯಾಗಿ ನಡೆಯುವ ಕೆಲಸದ ಎಳೆಗಳಾದ ಥ್ರೆಡ್ಡುಗಳಲ್ಲಿ ಎರಡು ಏಕಕಾಲದಲ್ಲಿ ಅದೇ ಎಣಿಕೆಗೆ ಕೈಯಿಕ್ಕಿದರೆ ಒಂದರ ಲೆಕ್ಕ ಕಳೆದು, ಇನ್ನೂ ಬಳಕೆಯಲ್ಲಿರುವ ವಸ್ತುವೇ ಅಳಿದುಹೋದೀತು. ಈ ಅಪಾಯವನ್ನು ತಡೆಯಲೆಂದು ೧೯೯೦ರ ದಶಕದ ಆದಿಭಾಗದಲ್ಲಿ ಇಡೀ ರನ್‌ಟೈಮಿಗೆ ‘ಗಿಲ್’ ಎಂಬ ಒಂದೇ ಬೀಗವನ್ನು ಅಳವಡಿಸಿದರು; ಅದನ್ನು ಹಿಡಿದ ಥ್ರೆಡ್ಡೊಂದೇ ಮುಂದುವರಿಯಬಲ್ಲುದು, ಉಳಿದವು ಕಾಯತಕ್ಕದ್ದು. ಪ್ರೊಸೆಸರಿಗೆ ಒಂದೇ ಕೋರ್ ಇದ್ದ ಕಾಲಕ್ಕೆ ಇದು ಯುಕ್ತವಾಗಿಯೇ ಇತ್ತು; ಕೋರುಗಳು ಹೆಚ್ಚಿದಂತೆ ಇದೇ ದೊಡ್ಡ ಬಂಧನವಾಯಿತು.

ಈ ಬೀಗವನ್ನು ತೆಗೆಯಲು ಗ್ರೆಗ್ ಸ್ಟೈನ್ ೧೯೯೦ರ ದಶಕದಲ್ಲಿಯೂ, ಅನಂತರ ಲ್ಯಾರಿ ಹೇಸ್ಟಿಂಗ್ಸ್ ಅವರೂ ಯತ್ನಿಸಿದರು. ಒಂದೇ ಥ್ರೆಡ್ಡಿನ ಸಾಮಾನ್ಯ ಪ್ರೋಗ್ರಾಮುಗಳು ಬಹಳ ನಿಧಾನವಾದುದರಿಂದ ಆ ಯತ್ನಗಳು ನೆಲೆಗೊಳ್ಳಲಿಲ್ಲ. ಅನಂತರ ಇದೇ ಉದ್ದೇಶದಿಂದ ಸ್ಯಾಮ್ ಗ್ರಾಸ್ ಅವರು ರೂಪಿಸಿದ ಯೋಜನೆಯಲ್ಲಿ, ವಸ್ತುವನ್ನು ಸೃಷ್ಟಿಸಿದ ಥ್ರೆಡ್ಡಿಗೆ ತನ್ನದೇ ಆದ ಅಗ್ಗದ ಎಣಿಕೆ, ಇತರ ಥ್ರೆಡ್ಡುಗಳಿಗೆ ಎಚ್ಚರಿಕೆಯಿಂದ ನಡೆಯುವ ಬೇರೊಂದು ಎಣಿಕೆ. ೨೦೨೩ರಲ್ಲಿ ಅಂಗೀಕೃತವಾದ ಇದು, ೨೦೨೪ರ ಅಕ್ಟೋಬರಿನಲ್ಲಿ ಹೊರಬಂದ ೩.೧೩ನೆಯ ಆವೃತ್ತಿಯೊಡನೆ, ಪ್ರಾಯೋಗಿಕವೆಂಬ ಮುದ್ರೆಯಿಂದ, ಹೆಸರಿನ ಕೊನೆಯಲ್ಲಿ ‘ಟಿ’ ಎಂಬ ಅಕ್ಷರವನ್ನು ಧರಿಸಿ ಪ್ರತ್ಯೇಕವಾಗಿ ಬಂದಿತು.

ಇಂಥ ಆವೃತ್ತಿಯನ್ನು ಮೂಲದಿಂದ ಕಂಪೈಲ್ ಮಾಡಿಕೊಳ್ಳುವುದು ಕಷ್ಟವಲ್ಲ. ಆರಂಭದಲ್ಲಿ ಒಂದು ಆಯ್ಕೆಯನ್ನು ಸೂಚಿಸಿದರಾಯಿತು. ಕಷ್ಟವಿರುವುದು ಮುಂದೆ. ಸಿ ಭಾಷೆಯಲ್ಲಿ ಬರೆದ ಹಳೆಯ ಲೈಬ್ರರಿಯೊಂದನ್ನು ಇದಕ್ಕೆಂದು ಕಂಪೈಲ್ ಮಾಡಿ ಬಳಸಹೊರಟಾಗ, ತಾನು ಬೀಗವಿಲ್ಲದೆ ನಡೆಯಬಲ್ಲೆನೆಂದು ಅದು ಘೋಷಿಸದಿದ್ದರೆ, ರನ್‌ಟೈಮು ಒಂದು ಎಚ್ಚರಿಕೆಯನ್ನು ಮುದ್ರಿಸಿ ಬೀಗವನ್ನು ಪುನಃ ಹಾಕಿಬಿಡುತ್ತದೆ. ಆ ಸಾಲನ್ನು ಗಮನಿಸದವನು ಬೀಗವಿಲ್ಲದ ವೇಗವನ್ನು ಅಳೆಯುತ್ತಿರುವೆನೆಂದು ನಂಬಿ ಬೀಗವಿದ್ದ ವೇಗವನ್ನೇ ಅಳೆಯುತ್ತಾನೆ. ಆದುದರಿಂದ ಬೀಗವಿದೆಯೇ ಇಲ್ಲವೇ ಎಂದು ರನ್‌ಟೈಮನ್ನೇ ಕೇಳಿ ತಿಳಿಯುವುದು ಮೊದಲ ಕರ್ತವ್ಯ.

ಅದಕ್ಕಿಂತ ಗಹನವಾದುದು, ಎರಡು ಥ್ರೆಡ್ಡುಗಳು ಹೊಂದಾಣಿಕೆಯಿಲ್ಲದೆ ಏಕಕಾಲದಲ್ಲಿ ಒಂದೇ ಮೆಮೊರಿಗೆ ಕೈಯಿಕ್ಕುವ ಡೇಟಾ ರೇಸ್ ಎಂಬ ದೋಷ. ಸಾವಿರ ಬಾರಿ ನಿರ್ವಿಘ್ನವಾಗಿ ನಡೆದ ಪ್ರೋಗ್ರಾಮು ಮತ್ತೊಮ್ಮೆ ಅಕಸ್ಮಾತ್ತಾಗಿ ಕುಸಿಯುತ್ತದೆ. ಕಾರಣವನ್ನರಸಿ ನಡುವೆ ಒಂದು ಮುದ್ರಣದ ಆಜ್ಞೆಯನ್ನು ಸೇರಿಸಿದರೆ, ಥ್ರೆಡ್ಡುಗಳ ಕಾಲಗತಿ ಬದಲಾಗಿ ದೋಷವೇ ಮರೆಯಾಗುತ್ತದೆ. ಆಗ ಥ್ರೆಡ್ ಸ್ಯಾನಿಟೈಸರ್ ಎಂಬ ಸಾಧನವನ್ನು ಕೂಡಿಸಿ ಇಡೀ ರನ್‌ಟೈಮನ್ನು ಮತ್ತೆ ಕಂಪೈಲ್ ಮಾಡಬೇಕು. ಮೆಮೊರಿಯ ಪ್ರತಿಯೊಂದು ಓದು–ಬರಹವನ್ನೂ ಹಿಂಬಾಲಿಸುವ ಅದು, ವೇಗವನ್ನು ಹಲವು ಪಟ್ಟು ಕುಂದಿಸಿದರೂ, ಅನಾಹುತವಾಗುವ ಮುನ್ನವೇ ಯಾವ ಎರಡು ಥ್ರೆಡ್ಡುಗಳು ಯಾವ ಸಾಲುಗಳಲ್ಲಿ ಪರಸ್ಪರ ಡಿಕ್ಕಿಯಾಗಬಲ್ಲವೆಂಬುದನ್ನು ತೋರಿಸಿಕೊಡುತ್ತದೆ. ಇಂಥ ದೋಷಗಳಲ್ಲಿ ಎಷ್ಟೋ ಹೊಸವಲ್ಲ. ಬೀಗದ ಆಸರೆಯಲ್ಲಿ ದಶಕಗಳಿಂದ ನಿರಪಾಯವಾಗಿ ಅಡಗಿದ್ದವು. ಬೀಗವುಳ್ಳ ಮತ್ತು ಬೀಗವಿಲ್ಲದ ಎರಡು ಆವೃತ್ತಿಗಳನ್ನು ಬೇರೆ ಬೇರೆಯಾಗಿ ಇಟ್ಟದ್ದು ಈ ಕಾರಣದಿಂದಲೇ ಅತ್ಯಂತ ವಿವೇಕದ ನಿರ್ಣಯವೆಂದು ನನ್ನ ದೃಢವಾದ ಅಭಿಪ್ರಾಯ.

೨೦೨೫ರ ಅಕ್ಟೋಬರಿನಲ್ಲಿ ಬಂದ ೩.೧೪ನೆಯ ಆವೃತ್ತಿಯಲ್ಲಿ ‘ಪ್ರಾಯೋಗಿಕ’ ಎಂಬ ವಿಶೇಷಣವನ್ನು ತೆಗೆದುಹಾಕಲಾಯಿತು. ಒಂಟಿ ಥ್ರೆಡ್ಡಿನ ಪ್ರೋಗ್ರಾಮುಗಳ ವೇಗದ ನಷ್ಟವೂ ಶೇಕಡ ೫ರಿಂದ ೧೦ರಷ್ಟಕ್ಕೆ ಇಳಿಯಿತು. ಆದರೂ ಆ ಆವೃತ್ತಿಯನ್ನು ಸಾಮಾನ್ಯ ರೀತಿಯಲ್ಲಿ ಸ್ಥಾಪಿಸಿಕೊಂಡವರಿಗೆ ದೊರೆಯುವುದು ಬೀಗವುಳ್ಳ ಪೈಥಾನೇ.