ಮೂತ್ರಸ್ರಾವಿ ವ್ರಣ ಮತ್ತು ಬಸ್ತಿಕ್ಷತದ ಲಕ್ಷಣವಿಚಾರ

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 7ನೆಯ ಅಧ್ಯಾಯವು ಅಶ್ಮರಿಯನ್ನು, ಎಂದರೆ ಬಸ್ತಿಯೊಳಗಿನ ಕಲ್ಲನ್ನು, ಶಸ್ತ್ರದಿಂದ ತೆಗೆಯುವ ಕ್ರಮವನ್ನು ಹೇಳುವುದು. ಅಲ್ಲಿ ಸ್ತ್ರೀಯರ ವಿಷಯದಲ್ಲಿ ಪ್ರತ್ಯೇಕವಾದ ಎಚ್ಚರಿಕೆಯೊಂದಿದೆ. ಅವರ ಗರ್ಭಾಶಯವು ಬಸ್ತಿಗೆ ಅತಿ ಸಮೀಪವಾಗಿರುವುದರಿಂದ ಶಸ್ತ್ರವನ್ನು ಬೇರೊಂದು ರೀತಿಯಲ್ಲಿ ನಡಸಬೇಕೆಂದೂ, ತಪ್ಪಿದರೆ ಮೂತ್ರವು ಸೋರುವ ಹುಣ್ಣಾಗುವುದೆಂದೂ ಅದರ ತಾತ್ಪರ್ಯ. ಆ ಹುಣ್ಣಿಗೆ ಅಲ್ಲಿ ‘ಮೂತ್ರಸ್ರಾವಿ ವ್ರಣ’ವೆಂದು ಹೆಸರು. ಸುಶ್ರುತನ ಶಸ್ತ್ರವು ಕಲ್ಲನ್ನರಸಿ ಬಸ್ತಿಯನ್ನು ಹೊಗುತ್ತಿತ್ತು. ಇಂದಿನದು ಗರ್ಭಾಶಯವನ್ನು ತೆಗೆಯಹೋಗಿ ಬಸ್ತಿಯನ್ನು ತಾಗುವುದುಂಟು. ಕರ್ಮಗಳು ಬೇರೆ ಬೇರೆ. ಸಾಮೀಪ್ಯದಿಂದ ಬರುವ ಅಪಾಯ ಮಾತ್ರ ಒಂದೇ.

ಹೊಟ್ಟೆಯಲ್ಲಿ 5ರಿಂದ 12 ಮಿಲಿಮೀಟರಿನ ಕೆಲವು ರಂಧ್ರಗಳನ್ನು ಮಾಡಿ, ಇಂಗಾಲಾಮ್ಲ ವಾಯುವಿನಿಂದ ಉದರವನ್ನುಬ್ಬಿಸಿ, ಲ್ಯಾಪರಾಸ್ಕೋಪ್ ಎಂಬ ಉದರದರ್ಶಕದ ಮೂಲಕ ನೋಡುತ್ತ ಗರ್ಭಾಶಯವನ್ನು ಬೇರ್ಪಡಿಸುವ ಪದ್ಧತಿಯನ್ನು ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಹ್ಯಾರಿ ರೈಖ್ ಎಂಬ ವೈದ್ಯನು 1988ರಲ್ಲಿ ಆರಂಭಿಸಿದನು. ಈ ಕರ್ಮದಲ್ಲಿ ಗರ್ಭಾಶಯದ ಕಂಠಕ್ಕೆ ಮುಂಗಡೆಯಿಂದ ಅಂಟಿಕೊಂಡಿರುವ ಬಸ್ತಿಯನ್ನು ಬಿಡಿಸಿ ಕೆಳಕ್ಕೆ ಸರಿಸಬೇಕಾಗುವುದು. ಹಿಂದೆ ಸಿಸೇರಿಯನ್ ಆಗಿದ್ದವರಲ್ಲಿ ಹಳೆಯ ಗಾಯದ ಕಲೆಯಿಂದ ಇವೆರಡೂ ಬೆಸೆದುಕೊಂಡಿರುವುದರಿಂದ ಅಪಾಯವು ಹೆಚ್ಚು. ಸಾಮಾನ್ಯವಾಗಿ ಇಂಥ 100 ಶಸ್ತ್ರಕರ್ಮಗಳಲ್ಲಿ ಬಸ್ತಿಗೆ ಗಾಯವಾಗುವುದು ಸುಮಾರು ಒಂದರಲ್ಲಿ ಅಥವಾ ಅದಕ್ಕಿಂತಲೂ ಕಡಮೆ. ಆದರೆ ಗಾಯವಾಗುವುದಕ್ಕಿಂತಲೂ ಅದು ಗುರುತಿಗೆ ಬಾರದೆ ಹೋಗುವುದೇ ದೊಡ್ಡ ಕೇಡು.

ಶಸ್ತ್ರಕರ್ಮದ ಕಾಲದಲ್ಲಿಯೇ ಕಾಣತಕ್ಕ ಲಕ್ಷಣಗಳು ಇವು: ಮೂತ್ರವು ರಕ್ತವರ್ಣವಾಗುವುದು, ತಿಳಿನೀರು ಕ್ಷೇತ್ರದಲ್ಲಿ ಒಸರುವುದು, ಬಸ್ತಿಯೊಳಗಿಟ್ಟ ನಳಿಕೆಯ ಬುಗ್ಗೆಯು ಕಣ್ಣಿಗೆ ಬೀಳುವುದು, ಉದರದ ವಾಯುವು ಬಸ್ತಿಯನ್ನು ಹೊಕ್ಕು ಮೂತ್ರದ ಚೀಲವನ್ನುಬ್ಬಿಸುವುದು. ಸಂದೇಹವಿದ್ದಲ್ಲಿ ಮೆಥಿಲೀನ್ ನೀಲಿ ಬೆರಸಿದ 200ರಿಂದ 300 ಮಿಲಿಲೀಟರ್ ಲವಣಜಲವನ್ನು ಬಸ್ತಿಗೆ ತುಂಬಿ ಸೋರುವುದೋ ಇಲ್ಲವೋ ಎಂದು ಪರೀಕ್ಷಿಸುವರು. ಆಗಲೇ ಕಂಡ ಗಾಯವನ್ನು ಹೊಲಿದು, ಸಾಮಾನ್ಯವಾಗಿ 7ರಿಂದ 14 ದಿನ ನಳಿಕೆಯನ್ನಿಟ್ಟರೆ ಪ್ರಾಯಶಃ ಚೆನ್ನಾಗಿ ಮಾಯುವುದು.

ಕಾಣದೆ ಉಳಿದ ಗಾಯವನ್ನು ಅನಂತರದ ಲಕ್ಷಣಗಳಿಂದಲೇ ಊಹಿಸಬೇಕು. ರಂಧ್ರಗಳು ಸಣ್ಣವಾದುದರಿಂದ ಇಂಥ ರೋಗಿಯು ದಿನದಿನಕ್ಕೆ ಚೇತರಿಸಿಕೊಳ್ಳುವುದೇ ನಿಯಮ. ಹಾಗಲ್ಲದೆ ಹೊಟ್ಟೆಯುಬ್ಬರ, ಕೆಳಹೊಟ್ಟೆಯ ನೋವು, ವಾಂತಿ, ಜ್ವರ, ಮೂತ್ರಾಲ್ಪತೆ ಇವು ತೋರಿದರೆ ಮೂತ್ರವು ಉದರದೊಳಕ್ಕೆ ಹರಿಯುತ್ತಿರಬಹುದೆಂದು ಶಂಕಿಸತಕ್ಕದ್ದು. ಉದರದ ಒಳಪೊರೆಯು ಆ ಮೂತ್ರವನ್ನು ಹೀರುವುದರಿಂದ ಮೂತ್ರಪಿಂಡಗಳು ಸ್ವಸ್ಥವಾಗಿದ್ದರೂ ರಕ್ತದಲ್ಲಿ ಕ್ರಿಯಾಟಿನಿನ್ ಏರುವುದು. ಇದನ್ನು ಮೂತ್ರಪಿಂಡದ ರೋಗವೆಂದು ಭ್ರಮಿಸುವುದುಂಟು. ಉದರದಿಂದ ತೆಗೆದ ದ್ರವದಲ್ಲಿ ಕ್ರಿಯಾಟಿನಿನ್ ರಕ್ತದಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿದ್ದರೆ ಅದು ಮೂತ್ರವೇ ಸರಿ. ಬಸ್ತಿಗೆ ಛಾಯಾದ್ರವವನ್ನು ತುಂಬಿ ತೆಗೆಯುವ ಸಿ.ಟಿ. ಚಿತ್ರವು ರಂಧ್ರದ ಸ್ಥಾನವನ್ನು ತೋರಿಸುವುದು.

ವಿದ್ಯುದುಪಕರಣದ ಶಾಖದಿಂದ ಬೆಂದ ಭಾಗವು ಕೂಡಲೆ ತೂತಾಗದೆ, ಕೆಲವು ದಿನಗಳ ಮೇಲೆ, ಒಮ್ಮೊಮ್ಮೆ ಎರಡನೆಯ ವಾರದಲ್ಲಿ, ಕಳಚಿಬೀಳುವುದು. ಅಷ್ಟರಲ್ಲಿ ಆಕೆ ಮನೆಗೆ ಹೋಗಿರುವಳು. ಆಗ ಯೋನಿಮಾರ್ಗದಿಂದ ನೀರು ಒಸರಿ, ಹಗಲಿರುಳೂ ಬಟ್ಟೆ ಒದ್ದೆಯಾಗುವುದು. ಈ ಮಾತನ್ನು ಆಕೆ ನಾಚಿಕೆಯಿಂದ ಆಡದಿರಬಹುದು; ಆಡಿದರೂ ಕೇಳಿದವರು ಅದನ್ನು ಬಿಳಿಸೆರಗೆಂದು ತಳ್ಳಿಹಾಕಬಹುದು. ಸೋರುವುದು ಬಸ್ತಿಯಿಂದಲೋ, ಮೂತ್ರಪಿಂಡದಿಂದ ಬಸ್ತಿಗಿಳಿಯುವ ನಾಳದಿಂದಲೋ ಎಂಬ ನಿರ್ಣಯಕ್ಕೆ ಯೋನಿಯಲ್ಲಿ ಮೂರು ಹತ್ತಿಯುಂಡೆಗಳನ್ನಿಟ್ಟು ಬಸ್ತಿಗೆ ನೀಲಿದ್ರವವನ್ನು ತುಂಬುವರು. ಮೇಲಿನ ಅಥವಾ ನಡುವಣ ಉಂಡೆ ನೀಲಿಯಾದರೆ ದೋಷವು ಬಸ್ತಿಯದು. ಮೇಲಿನದು ಒದ್ದೆಯಾಗಿಯೂ ನೀಲಿಯಾಗದಿದ್ದರೆ ನಾಳದ್ದೆಂದು ಶಂಕೆ. ಈ ನಾಳಗಳಿಗೆ ಇಂದಿನ ಆಯುರ್ವೇದಜ್ಞರು ಬಳಸುವ ‘ಗವೀನಿ’ ಎಂಬ ಶಬ್ದವು ಅಥರ್ವವೇದದ ಮೊದಲನೆಯ ಕಾಂಡದ 3ನೆಯ ಸೂಕ್ತದಲ್ಲಿ ಬಸ್ತಿಶಬ್ದದ ಜೊತೆಯಲ್ಲಿಯೇ ಬಂದಿರುವುದು ಗಮನಾರ್ಹ.

ಸುಶ್ರುತನು ಶಾರೀರಸ್ಥಾನದಲ್ಲಿ ಬಸ್ತಿಯನ್ನು ಸದ್ಯಃಪ್ರಾಣಹರವಾದ ಮರ್ಮಗಳಲ್ಲಿ ಎಣಿಸಿದ್ದಾನೆ. ಆದರೂ ಕಲ್ಲನ್ನು ತೆಗೆಯಲು ಮಾಡಿದ ವ್ರಣವನ್ನು ಅದಕ್ಕೆ ಅಪವಾದವಾಗಿಟ್ಟು, ಅಲ್ಲಿಯೂ ಎರಡು ಕಡೆ ಭೇದಿಸಿದರೆ ಬದುಕಿಲ್ಲವೆಂದೂ, ಒಂದೇ ಕಡೆ ಭೇದಿಸಿದರೆ ಮೂತ್ರಸ್ರಾವಿ ವ್ರಣವಾಗಿ ಯತ್ನಪೂರ್ವಕವಾದ ಚಿಕಿತ್ಸೆಯಿಂದ ಮಾಯುವುದೆಂದೂ ವಿವೇಚಿಸಿದ್ದಾನೆ. ಉದರದರ್ಶಕವು ಪ್ರಾಚೀನರಿಗೆ ತಿಳಿದಿತ್ತೆಂದು ಇದರಿಂದ ಸಾಧಿಸಹೊರಡುವುದು ಅನುಚಿತ. ಗ್ರಾಹ್ಯವಾದುದು ಆ ಹೆಸರಿನ ಯುಕ್ತತೆ. ಅದು ಗಾಯದ ಆಕಾರವನ್ನಾಗಲಿ ಕಾರಣವನ್ನಾಗಲಿ ಹೇಳದೆ, ಹೊರಗೆ ಕಾಣುವ ಚಿಹ್ನೆಯನ್ನೇ ಹೇಳುವುದು. ಮೂತ್ರವು ಎಲ್ಲಿಗೆ ಹೋಗುತ್ತಿದೆ, ಎಷ್ಟು ಹೋಗುತ್ತಿದೆ, ಯಾವ ಬಣ್ಣದ್ದಾಗಿದೆ ಎಂಬ ಮೂರನ್ನು ವಿಚಾರಿಸಿ, ‘ಬಟ್ಟೆ ಒದ್ದೆಯಾಗುತ್ತಿದೆ’ ಎಂಬ ಆಕೆಯ ಮಾತನ್ನು ಪ್ರಮಾಣವಾಗಿ ಸ್ವೀಕರಿಸಿದಲ್ಲಿ, ಕಾಣದೆ ಉಳಿದ ಗಾಯವೂ ಬಹುಮಟ್ಟಿಗೆ ಕಾಲದಲ್ಲಿಯೇ ಗೋಚರವಾಗುವುದು.